ಮಡ್ಡಿಯ ಮೇಲೆ ಹನ್ನೊಂದು ನಿಮಿಷ

ಡ್ರೋನ್ ಕಲಿಸುವವರ ಕೈಯಲ್ಲಿರುವ ರಿಮೋಟಿನ ಹಿಂಭಾಗದಲ್ಲಿ, ಎಡಗೈಯ ತೋರುಬೆರಳಿಗೆ ಸಿಗುವ ಹಾಗೆ, ಒಂದು ಸ್ಪ್ರಿಂಗ್ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಡ್ರೋನ್ ಇನ್ನೊಂದು ರಿಮೋಟ್ ಹಿಡಿದ ವಿದ್ಯಾರ್ಥಿಯ ಕೈಯಲ್ಲಿ. ಬೆರಳು ಎತ್ತಿದ ಕೂಡಲೇ ಅದು ನಮ್ಮ ಕೈಗೆ ಬರುತ್ತದೆ. ಇಷ್ಟೇ ಸಂಗತಿ. ಮೂರನೇ ಇಯತ್ತೆಯ ಮಕ್ಕಳಿಗೂ ತಿಳಿಯುವಂಥದ್ದು. ನನ್ನ ತಲೆಗೆ ಇದು ಹತ್ತಲು ಒಂದು ನಿಮಿಷ ಸಾಕಾಯಿತು. ಬೆರಳಿಗೆ ಹತ್ತಲು ಒಂದು ತಿಂಗಳು ಬೇಕಾಯಿತು.

ಅದಕ್ಕೆ ಕಾರಣ ನನ್ನ ಹಳೆಯ ಕೆಲಸ. ಗೋಕಾಕದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಹದಿನಾರು ವರ್ಷ ಹೆಣ್ಣುಮಕ್ಕಳಿಗೆ ಕಾರು ಕಲಿಸಿದವಳು ನಾನು. ಕಲಿಸುವವರು ಕೂರುವ ಎಡ ಸೀಟಿನ ಮುಂದೆ, ಕಾಲಿಗೆ ಸಿಗುವ ಹಾಗೆ, ಇನ್ನೊಂದು ಬ್ರೇಕು ಇರುತ್ತದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದು, ಕಲಿಯುವವರು ಗಾಬರಿಯಲ್ಲಿ ಎಕ್ಸಲರೇಟರ್ ಒತ್ತಿದರೆ ನಾನು ಬ್ರೇಕು ತುಳಿಯಬೇಕು. ಯೋಚಿಸಿ ತುಳಿಯುವುದಲ್ಲ, ಕಾಲು ತಾನೇ ತುಳಿಯುತ್ತಿತ್ತು. ಗಂಡನ ಬೈಕಿನ ಹಿಂದೆ ಕೂತಾಗಲೂ ನನ್ನ ಬಲಗಾಲು ಸುಮ್ಮನಿರುತ್ತಿರಲಿಲ್ಲ, ಅದಕ್ಕಾಗಿ ಅವರ ಕೈಲಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಕಾರಿನಲ್ಲಿ ಕಾಪಾಡಬೇಕಾದರೆ ಒತ್ತಬೇಕು. ಡ್ರೋನಿನಲ್ಲಿ ಕಾಪಾಡಬೇಕಾದರೆ ಒತ್ತಿದ್ದನ್ನು ಬಿಡಬೇಕು.

ಡ್ರೋನಿನ ಹುಚ್ಚು ನನಗೆ ಹಿಡಿದದ್ದು ಕುಲಗೋಡದಲ್ಲಿ. ನನ್ನ ಹತ್ತಿರ ಕಾರು ಕಲಿತಿದ್ದ ಹುಡುಗಿಯೊಬ್ಬಳ ಮದುವೆಗೆ ಹೋಗಿದ್ದೆ. ಊರ ಹೊರಗೆ ಆಳೆತ್ತರ ದಾಟಿದ ಕಬ್ಬಿನ ಮೇಲೆ ಆರು ರೆಕ್ಕೆಯ ಯಂತ್ರವೊಂದು ಔಷಧ ಸಿಂಪಡಿಸುತ್ತ ಹೋಗಿ, ಸಾಲಿನ ಕೊನೆಗೆ ನಿಂತು, ಪಕ್ಕಕ್ಕೆ ಸರಿದು ಹಿಂದಿರುಗುತ್ತಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಮನುಷ್ಯರು ಒಳಗೆ ನುಗ್ಗಲಾಗದ ಕಬ್ಬು ಅದು. ರೇಷ್ಮೆ ಸೀರೆಯಲ್ಲಿ ಒಡ್ಡಿನ ಮೇಲೆ ನಿಂತವಳು, ಅದರ ಬ್ಯಾಟರಿ ಮೂರು ಸಲ ಬದಲಾಗುವವರೆಗೂ ಅಲ್ಲಿಂದ ಕದಲಲಿಲ್ಲ. ಮದುವೆಯ ಊಟ ತಪ್ಪಿತು. ಮುಂದಿನ ತಿಂಗಳೇ ಹುಕ್ಕೇರಿಯ ಹೊರಗೆ, ಮಡ್ಡಿ ಎನ್ನುವ ಕಲ್ಲುಬಯಲಿನ ಮೇಲಿನ ತರಬೇತಿ ಕೇಂದ್ರದಲ್ಲಿ ಹೆಸರು ಹಚ್ಚಿದೆ.

ಪೈಲಟ್ ಪ್ರಮಾಣಪತ್ರ ಬಂದ ಮೇಲೆ ಒಂದು ಹಂಗಾಮು ಪೂರ್ತಿ ಕೊಣ್ಣೂರ, ನಾಗನೂರ ಸುತ್ತ ಔಷಧ ಹೊಡೆದೆ. ಬೆಳಿಗ್ಗೆ ಕಾರು, ಸಂಜೆ ಗಾಳಿ ಇಳಿದ ಮೇಲೆ ಡ್ರೋನು. ಹತ್ತು ಲೀಟರ್ ತುಂಬಿದ ಯಂತ್ರ ಮೊದಲ ಸಲ ನನ್ನ ಕೈಯಿಂದ ನೆಲ ಬಿಟ್ಟಾಗ ಖುಷಿಗೆ ಹುಡುಗಿಯರ ಹಾಗೆ ಕೂಗಿದ್ದು ಈಗಲೂ ನೆನಪಿದೆ. ಆದರೆ ನಾನು ಹುಟ್ಟಾ ಮಾಸ್ತರಿಕೆಯವಳು. ಏನೇ ಕಲಿತರೂ ಅದನ್ನು ಇನ್ನೊಬ್ಬರ ತಲೆಗೆ ತುಂಬದಿದ್ದರೆ ನನಗೆ ಅನ್ನ ಕರಗುವುದಿಲ್ಲ. ಕೇಂದ್ರದವರು ಮೂಡಲಗಿಯಲ್ಲಿ ಹೆಣ್ಣುಮಕ್ಕಳದೇ ಒಂದು ತಂಡಕ್ಕೆ ತರಬೇತಿ ಶುರುಮಾಡುವವರಿದ್ದರು. ಅದಕ್ಕೆ ಕಲಿಸುವವಳೊಬ್ಬಳು ಬೇಕಿತ್ತು. ನನ್ನ ಹಾರಾಟದ ಗಂಟೆಗಳು ಭರ್ತಿಯಾಗಿದ್ದವು. ಇನ್ನುಳಿದದ್ದು ತರಬೇತುದಾರರ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ನಿಜವಾದ ವಿದ್ಯಾರ್ಥಿಗೆ ನಿಜವಾದ ಪಾಠ ಮಾಡಿ ತೋರಿಸಬೇಕು. ಅದರಲ್ಲಿ ಬಿದ್ದರೆ ಮೂಡಲಗಿಯ ತಂಡ ಬೇರೆ ಯಾರಿಗೋ ಹೋಗುತ್ತದೆ.

ಅಭ್ಯಾಸಕ್ಕೆಂದು ನನಗೆ ಕೊಟ್ಟ ವಿದ್ಯಾರ್ಥಿ ಕುಲಗೋಡದ ಒಬ್ಬ ಕಾಕೂ, ಎಲ್ಲರಿಗೂ ಚಿಕ್ಕಮ್ಮ. ಐವತ್ತು ದಾಟಿದವರು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಹತ್ತನೇ ಇಯತ್ತೆ ಕಟ್ಟಿ ಪಾಸಾದವರು. ಎತ್ತು ಹೂಡಿ ಹೊಲ ಉಳುವಾಗ ಗಂಡನಿಗಿಂತ ನೆಟ್ಟಗೆ ಗಳೆ ಹೊಡೆಯುತ್ತಾರೆ ಎಂದು ಊರಲ್ಲಿ ಹೆಸರು. ಅವರ ಮಹಿಳಾ ಸಂಘದಲ್ಲಿ ಉಳಿದವರೆಲ್ಲ ಹಿಂದೇಟು ಹಾಕಿದ್ದಕ್ಕೆ ಇವರು ಎದ್ದು ಬಂದಿದ್ದರು. ತರಬೇತಿಯ ದಿನಗಳಲ್ಲಿ ಕೇಂದ್ರದ ಕೋಣೆಯಲ್ಲೇ ವಾಸ. ಬುತ್ತಿಯ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ಎಲ್ಲರಿಗೂ ಹಂಚುತ್ತಿದ್ದರು.

ಮೊದಲ ವಾರ ನಾನು ಅವರಿಗೆ ಪಾಠ ಮಾಡಿದೆ ಎಂದು ತಿಳಿದಿದ್ದೆ. ಡ್ರೋನ್ ಒಂದು ಅಡಿ ಪಕ್ಕಕ್ಕೆ ಜಾರಿದರೆ ಸಾಕು, ಬೆರಳು ಎತ್ತಿ ನಾನೇ ಸರಿಮಾಡುತ್ತಿದ್ದೆ. ಮೇಲೆ ಹೋದರೆ ಇಳಿಸುತ್ತಿದ್ದೆ. ತಿರುವು ತಡವಾದರೆ ತಿರುಗಿಸುತ್ತಿದ್ದೆ. ಆಗೆಲ್ಲ ಸಾವಕಾಶ ಇರುತ್ತಿದ್ದರಿಂದ ಬೆರಳು ಹೇಳಿದಂತೆ ಕೇಳುತ್ತಿತ್ತು. ನಾಲ್ಕನೇ ದಿನ ಕಾಕೂ ರಿಮೋಟಿನಿಂದ ಕಣ್ಣೆತ್ತಿ ಕೇಳಿದರು.

"ಅಕ್ಕಾರ, ಈಗ ಹಾರಸಾಕತ್ತಿದ್ದು ನಾನೋ, ನೀವೋ?"

"ನೀವ ಹಾರಸಾಕತ್ತೀರಿ ಕಾಕೂ."

"ಹಂಗಾರ ನಾ ಬಲಕ್ಕ ತಳ್ಳಿದಾಗ ಅದು ಎಡಕ್ಕ ಯಾಕ ಹೋತು?"

ಉತ್ತರ ಕೊಟ್ಟದ್ದು ಹಿಂದೆ ನಿಂತಿದ್ದ ಕೇಂದ್ರದ ಹಿರಿಯ ತರಬೇತುದಾರರು. ವಿಮಾನದ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು ನಿವೃತ್ತರಾಗಿ ಊರಿಗೆ ಬಂದವರು ಅವರು. ಮಾತು ಕಡಿಮೆ, ಆಡಿದರೆ ಮುಲಾಜಿಲ್ಲ.

"ಮೇಡಮ್, ನೀವು ಕಲಸಾಕತ್ತಿಲ್ರಿ. ನೀವ ಹಾರಸಾಕತ್ತೀರಿ. ಕಾಕೂ ಬರೇ ರಿಮೋಟ್ ಹಿಡಕೊಂಡು ನಿಂತಾರ."

ನನಗೆ ಸಿಟ್ಟು ಬಂತು. ಹದಿನಾರು ವರ್ಷ ಕಲಿಸಿದವಳಿಗೆ ಕಲಿಸುವುದು ಗೊತ್ತಿಲ್ಲ ಅಂದರೆ ಇನ್ಯಾರಿಗೆ ಗೊತ್ತು? ಮರುದಿನ ಹಟಕ್ಕೆ ಬಿದ್ದು ಗುಂಡಿಯನ್ನು ಒತ್ತಿಯೇ ಹಿಡಿದೆ. ಅಂದಿನ ಪಾಠ ಡ್ರೋನಿನ ಮೂತಿಯನ್ನು ನಮ್ಮ ಕಡೆ ತಿರುಗಿಸಿ ಹಾರಿಸುವುದು. ಹೊಸಬರನ್ನು ಹೆಚ್ಚು ಕಾಡುವ ಪಾಠ ಇದೇ. ಯಂತ್ರ ನಮಗೆ ಬೆನ್ನು ಹಾಕಿರುವಾಗ ಅದರ ಎಡ ನಮ್ಮ ಎಡವೇ. ಮೂತಿ ನಮ್ಮತ್ತ ಹೊರಳಿದರೆ ಎಡಬಲ ತಿರುವುಮುರುವಾಗುತ್ತವೆ. ಕಾಕೂ ತಪ್ಪಿದರು. ಮಡ್ಡಿಯ ಅಂಚಿನ ಬೇವಿನ ಮರದಿಂದ ದೂರ ಸರಿಸಲು ಹೋಗಿ ಮರದ ಕಡೆಗೇ ತಳ್ಳಿದರು. ಅದು ದೂರ ಹೋಗದ್ದು ಕಂಡು ಇನ್ನಷ್ಟು ತಳ್ಳಿದರು.

ಬೆರಳು ಎತ್ತಬೇಕಾದ ಗಳಿಗೆ ಅದು. ನಾನು ಬಲಗಾಲಿನಿಂದ ನೆಲವನ್ನು ಜಾಡಿಸಿ ತುಳಿದೆ. ಅದರ ಜೊತೆಗೇ ಎಡಗೈ ಬೆರಳು ಗುಂಡಿಯನ್ನು ಮತ್ತಷ್ಟು ಗಟ್ಟಿಯಾಗಿ ಒತ್ತಿತು. ಒತ್ತಿದಷ್ಟೂ ಯಂತ್ರ ಕಾಕೂನ ಕೈಯಲ್ಲೇ ಉಳಿಯಿತು, ನನ್ನ ರಿಮೋಟಿನ ಕಡ್ಡಿಗಳನ್ನು ನಾನು ಎಳೆದದ್ದೆಲ್ಲ ದಂಡ. ಡ್ರೋನ್ ಬೇವಿನ ಟೊಂಗೆಗೆ ಬಡಿದು ಕೆಳಗೆ ಬಿತ್ತು. ಎರಡು ರೆಕ್ಕೆ ಮುರಿದವು, ಒಂದು ತೋಳು ಸೀಳಿತು. ಯಾರಿಗೂ ಪೆಟ್ಟಾಗಲಿಲ್ಲ.

ಕಾಕೂ ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ಬ್ಯಾಗು ತುಂಬಿಕೊಂಡು ಊರ ಕಡೆ ಹೋಗುವ ಮೂಡಲಗಿ ಬಸ್ಸಿನ ವೇಳೆ ಕೇಳುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ತಪ್ಪು ನಂದು ಕಾಕೂ. ನೀವು ಕಲಿಯಾವ್ರು, ತಪ್ಪಬೇಕು. ಹಿಡೀಬೇಕಾದಾಕಿ ನಾನು, ಹಿಡೀಲಿಲ್ಲ."

"ಯಾಕ ಹಿಡೀಲಿಲ್ರಿ?"

"ಬಿಡೂದು ಬಿಟ್ಟು ಒತ್ತಿದ್ನಿ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ಬ್ಯಾಗಿನಿಂದ ಬುತ್ತಿ ಹೊರಗೆ ತೆಗೆದು ಅರ್ಧ ರೊಟ್ಟಿ ನನ್ನ ಕೈಗಿಟ್ಟರು.

ಹಿರಿಯ ತರಬೇತುದಾರರು ಮಾತ್ರ ನಗಲಿಲ್ಲ. ಮುರಿದ ತೋಳನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಇವತ್ತು ಮುಂಜಾನಿ ಎಲ್ಲಿಂದ ಬಂದ್ರಿ?"

"ಗೋಕಾಕದಿಂದ್ರಿ. ಎರಡು ಡ್ರೈವಿಂಗ್ ಕ್ಲಾಸ್ ಮುಗಿಸಿ ಬಂದ್ನಿ."

"ಎಷ್ಟ ಸಲ ಬ್ರೇಕ್ ತುಳಿದ್ರಿ?"

ನಾನು ಲೆಕ್ಕ ಇಟ್ಟಿರಲಿಲ್ಲ. ಇಪ್ಪತ್ತಾದರೂ ಆಗಿರಬಹುದು ಎಂದೆ.

"ಮುಂಜಾನಿ ಇಪ್ಪತ್ತು ಸಲ ಒತ್ತಿ ಬಂದ ಮನಷಾ ಮಧ್ಯಾಹ್ನ ಬಿಡೂದು ಹೆಂಗ್ ಕಲೀತೈತಿ? ಎರಡರಾಗ ಒಂದು ಬಿಡ್ರಿ. ಪರೀಕ್ಷೆಗೆ ನಿಮ್ಮ ಹೆಸರು ಕಳಸೂದೋ ಬ್ಯಾಡೋ, ಆಮ್ಯಾಲ ನೋಡೂಣು."

ಹುಕ್ಕೇರಿಯಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಕಾರು ನನಗೆ ಊರಲ್ಲಿ ಹೆಸರು ಕೊಟ್ಟಿತ್ತು. ಪೇಟೆಯಲ್ಲಿ ಯಾವ ಹೆಣ್ಣುಮಗಳು ಕಾರು ತಿರುಗಿಸಿದರೂ ನನ್ನ ಕಡೆ ನೋಡಿ ಹಾರ್ನ್ ಹೊಡೆದು ಹೋಗುತ್ತಿದ್ದಳು. ಅದನ್ನು ಬಿಟ್ಟು ಪರೀಕ್ಷೆಯಲ್ಲೂ ಬಿದ್ದರೆ ಎರಡೂ ಕಡೆ ಬರಿಗೈ. ಘಟಪ್ರಭಾ ಸೇತುವೆ ದಾಟುವಾಗ ಒಂದು ವಿಷಯ ನನಗೇ ಸ್ಪಷ್ಟವಾಯಿತು. ಅಷ್ಟು ಹೊತ್ತು ನಾನು ಯೋಚಿಸಿದ್ದರಲ್ಲಿ ಕಾರಿನದು ಸ್ವಲ್ಪ, ಉಳಿದದ್ದೆಲ್ಲ ನಾಳೆ ಕಾಕೂಗೆ ಮೂತಿ ತಿರುಗಿಸುವ ಪಾಠವನ್ನು ಹೇಗೆ ಬೇರೆ ಥರ ಹೇಳಬೇಕು ಎನ್ನುವುದೇ. ಇಳಿದವಳು ಮನೆಗೆ ಹೋಗದೆ ಸೀದಾ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಕೆಲಸ ಬಿಡುತ್ತೇನೆ ಎಂದೆ. ಮಾಲಕರು ಗೋಡೆಯ ಮೇಲಿನ ಬ್ಯಾಚಿನ ಪಟ್ಟಿ ನೋಡಿ, ನನ್ನನ್ನು ನೋಡಿದರು.

"ಅಕ್ಕಾ, ಸ್ವಲ್ಪ ದಿನ ರಜಾ ತಗೋರಿ. ಬಿಡೂದ್ಯಾಕ?"

"ರಜಾ ತಗೊಂಡ್ರ ಕಾಲಿಗೆ ಮತ್ತ ಬರೂದೈತಿ ಅಂತ ಗೊತ್ತಿರತೈತ್ರಿ. ಅದಕ್ಕ ಬಿಡತೇನಿ."

ಅವರು ತಲೆ ಅಲ್ಲಾಡಿಸಿ ಚಹಾ ತರಿಸಿದರು. ನಾನು ಅರ್ಧ ಕುಡಿದು ಎದ್ದೆ. ಆದರೂ ಹೊರಗೆ ಬಂದಾಗ ನಡಿಗೆ ಹಗುರಾಗಿತ್ತು.

ಮುಂದಿನ ಮೂರು ವಾರ ನಮ್ಮ ಮನೆಯಲ್ಲಿ ದೊಡ್ಡ ತಮಾಷೆ. ರೊಟ್ಟಿ ಬಡಿಯುವ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ನನ್ನ ಎಡಗೈಯಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪು. ಅದನ್ನು ಬೆರಳಿನಿಂದ ಒತ್ತಿ ಬಾಯಿ ತೆರೆಸಿ ಹಿಡಿದೇ ಇರಬೇಕು. ಗಂಡ ಹಿಂದಿನಿಂದ ಬಂದು ಹೇಳದೆ ಕೇಳದೆ ಒಂದು ತಟ್ಟೆ ಬೀಳಿಸುತ್ತಿದ್ದರು. ಸಪ್ಪಳಕ್ಕೆ ಕ್ಲಿಪ್ಪು ಕೈಬಿಟ್ಟರೆ ಪಾಸು, ಇನ್ನೂ ಒತ್ತಿದರೆ ನಪಾಸು. ಮೊದಲ ವಾರ ಪೂರ್ತಿ ನಪಾಸು. ಮನೆಯ ಸ್ಟೀಲ್ ತಟ್ಟೆಗಳೆಲ್ಲ ನೆಗ್ಗಿದವು. ಮೂರನೇ ವಾರ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ನನ್ನ ಬೆರಳು ಎದ್ದುಬಿಡುತ್ತಿತ್ತು.

ಮಡ್ಡಿಯ ಮೇಲೆ ಪಾಠವೂ ಬದಲಾಯಿತು. ಬೆರಳಿನ ಮೇಲೆ ಭರವಸೆ ಬಂದಂತೆ ಬಾಯಿಗೆ ಕೆಲಸ ಕಡಿಮೆಯಾಯಿತು. ಜಾರಿದರೆ ಜಾರಲಿ ಎಂದು ಬಿಟ್ಟೆ, ಮರ ಮತ್ತು ಮನುಷ್ಯರು ದೂರ ಇರುವಷ್ಟು ಹೊತ್ತು. ಒಂದು ದಿನ ಕಾಕೂ ಮೂತಿ ತಿರುಗಿಸುವ ಪಾಠವನ್ನು ತಪ್ಪಿಲ್ಲದೆ ಮುಗಿಸಿದರು. ಹೇಗೆ ಎಂದು ಕೇಳಿದೆ.

"ಗಳೇದ ಮುಂದ ಬಂದು ನಿಂತ್ರ ಎಡಕಿನ ಎತ್ತು ನನ್ನ ಬಲಕ್ಕ ಕಾಣತೈತ್ರಿ. ಆದ್ರ ಅದು ಎಡಕಿನ ಎತ್ತ. ನನ್ನ ಕಡಿಂದ ನೋಡಬಾರದು, ಎತ್ತಿನ ಕಡಿಂದ ನೋಡಬೇಕು."

ಎರಡು ವಾರ ನಾನು ಹಲಗೆಯ ಮೇಲೆ ಬಾಣ ಬರೆದು ಹೇಳಿದ್ದನ್ನು ಅವರು ಎರಡು ಎತ್ತಿನಲ್ಲಿ ಮುಗಿಸಿದ್ದರು. ಆ ವಿವರಣೆಯನ್ನು ಅಂದೇ ನನ್ನ ಪಾಠದ ವಹಿಯಲ್ಲಿ ಬರೆದುಕೊಂಡೆ. ಆದರೆ ಒಂದು ಸಂಶಯ ಮಾತ್ರ ಕಾಕೂನನ್ನು ಬಿಟ್ಟಿರಲಿಲ್ಲ. ಚೆನ್ನಾಗಿ ಹಾರಿದಾಗೆಲ್ಲ ನನ್ನ ಬೆರಳಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ಮೊದಲ ವಾರದ ನನ್ನ ಕೈವಾಡದ ಫಲ ಅದು.

ಹಿರಿಯರು ನನ್ನ ಹೆಸರು ಕಳಿಸಿದರು. ಪರೀಕ್ಷಕರು ಕೊಟ್ಟ ದಿನ ಸೋಮವಾರ. ಕೇಂದ್ರದಲ್ಲಿ ಸೋಮವಾರ ಯಾವಾಗಲೂ ಕೋಣೆಯೊಳಗಿನ ಪಾಠ. ಹಾಗಾಗಿ ಅಂದು ಮಡ್ಡಿ ಹೇಗಿರುತ್ತದೆ ಎಂದು ನಾವ್ಯಾರೂ ನೋಡಿರಲಿಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಎಂಬುದು ಗೋಕಾಕದ ಪೇಟೆಯಲ್ಲಿ ಬೆಳೆದ ನನಗೂ ಗೊತ್ತು. ಅಂದು ಹೊಲಗಳು ಖಾಲಿ, ಗದ್ದಲವಿಲ್ಲ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಎಂದು ಹಿರಿಯರೂ ನಾನೂ ಖುಷಿಪಟ್ಟೆವು. ಗಳೆ ಹೂಡದ ಎತ್ತುಗಳು ಅಂದು ಎಲ್ಲಿರುತ್ತವೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಾಕೂನನ್ನು ಕೇಳಿದ್ದರೆ ಹೇಳುತ್ತಿದ್ದರು, ಆದರೆ ಯಾರೂ ಕೇಳಲಿಲ್ಲ.

ಬೆಳಿಗ್ಗೆ ಗಾಳಿ ಇರಲಿಲ್ಲ. ದಿಕ್ಸೂಚಿ ಹೊಂದಿಸಿ, ರೆಕ್ಕೆಗಳ ಬಿಗಿ ನೋಡಿ, ಟ್ಯಾಂಕಿಗೆ ಔಷಧದ ಬದಲು ಬರಿ ನೀರು ತುಂಬಿದೆವು. ಮಿಕ್ಕ ನೀರಿನ ಎರಡು ಬಕೆಟ್‌ಗಳನ್ನು ಇಳಿಯುವ ಬಿಳಿ ವೃತ್ತದ ಪಕ್ಕದಲ್ಲೇ ಬಿಟ್ಟು ಹಗ್ಗದ ಗಡಿಯ ಹೊರಗೆ ನಿಂತೆವು. ಪರೀಕ್ಷಕರು ಎತ್ತರದ ಮನುಷ್ಯ, ಕೈಯಲ್ಲಿ ರಟ್ಟಿನ ಹಲಗೆ, ಅದಕ್ಕೆ ಸಿಕ್ಕಿಸಿದ ನಮೂನೆ. ನಾನು ಗುಂಡಿ ಒತ್ತಿ ಹಿಡಿದು ಹೇಳಿದೆ.

"ಕಾಕೂ, ಯಂತ್ರ ನಿಮ್ಮ ಕೈಯಾಗೈತಿ."

ಡ್ರೋನ್ ಎದ್ದಿತು. ಎರಡು ಬಾವುಟಗಳ ಸುತ್ತ ಎಂಟರ ಆಕಾರದಲ್ಲಿ ಮೂರು ಸುತ್ತು. ಮೊದಲನೆಯದು ವಕ್ರ, ಎರಡನೆಯದು ಪರವಾಗಿಲ್ಲ, ಮೂರನೆಯದನ್ನು ನೋಡಿ ನನಗೆ ಕುಣಿಯಬೇಕು ಅನ್ನಿಸಿತು. ಬ್ಯಾಟರಿ ಮೊದಲ ಎಚ್ಚರಿಕೆಯ ಬೀಪ್ ಕೊಟ್ಟಾಗ ಇಳಿಸಲು ಹೇಳಿ ವೃತ್ತದ ಕಡೆ ನೋಡಿದೆ. ವೃತ್ತದಲ್ಲಿ ಎರಡು ಎತ್ತು ನಿಂತಿದ್ದವು. ಬಿಳಿ ಎತ್ತು ಬಕೆಟ್‌ಗೆ ಬಾಯಿ ಹಾಕಿತ್ತು. ಇನ್ನೊಂದರ ಕೊರಳಿನಿಂದ ಹಗ್ಗ ಜೋತಾಡುತ್ತಿತ್ತು. ನಮ್ಮ ಹಿಂದೆ ಬೇಲಿಯಿಲ್ಲದ ಇಡೀ ಮಡ್ಡಿಯಲ್ಲಿ ರಜೆಯ ಎತ್ತುಗಳು ಮೇಯುತ್ತಿದ್ದವು.

ಎರಡನೇ ಎಚ್ಚರಿಕೆಯ ಮಟ್ಟಕ್ಕೆ ಬ್ಯಾಟರಿ ಇಳಿದರೆ ಯಂತ್ರ ಯಾರ ಮಾತೂ ಕೇಳುವುದಿಲ್ಲ. ಹೊರಟ ಜಾಗವನ್ನು ಹುಡುಕಿಕೊಂಡು ಬಂದು ತಾನೇ ಇಳಿಯುತ್ತದೆ. ಅಂದರೆ ಆ ಎತ್ತುಗಳ ಬೆನ್ನ ಮೇಲೆ, ತಿರುಗುವ ಆರು ರೆಕ್ಕೆಯೊಂದಿಗೆ. ನಮ್ಮ ಹತ್ತಿರ ಎರಡು ನಿಮಿಷವೂ ಇರಲಿಲ್ಲ. ಹಿರಿಯರು ಒಂದು ಹೆಜ್ಜೆ ಮುಂದಿಟ್ಟರು. ಪರೀಕ್ಷಕರು ಕೈ ಅಡ್ಡ ಹಿಡಿದು ಅವರನ್ನು ತಡೆದು, ನನ್ನ ಕಡೆ ತಿರುಗಿದರು.

"ನಿರ್ಧಾರ ನಿಮ್ಮದು ಮೇಡಂ."

ಬೆರಳು ಏಳಲು ತಯಾರಿತ್ತು. ಅಷ್ಟು ತಟ್ಟೆ ನೆಗ್ಗಿಸಿ ಕಲಿತದ್ದೇ ಅದು. ಯಂತ್ರವನ್ನು ತೆಗೆದುಕೊಂಡರೆ ಬೇರೆ ಜಾಗದಲ್ಲಿ ಇಳಿಸುವುದು ನನಗೆ ಕಷ್ಟವಲ್ಲ. ಆದರೆ ಯಾವ ಕಡೆಯಿಂದ ಒಯ್ದರೆ ಎತ್ತು ಬೆದರುತ್ತವೆ, ಬೆದರಿದರೆ ಯಾವ ಕಡೆ ಓಡುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಅವು ನಮ್ಮತ್ತ ಓಡಿದರೆ ಅಲ್ಲಿ ನಾಲ್ಕು ಜನ ನಿಂತಿದ್ದೆವು. ಗೊತ್ತಿದ್ದವರು ನನ್ನ ಪಕ್ಕದಲ್ಲೇ ಇದ್ದರು. ಗುಂಡಿಯನ್ನು ಒತ್ತಿಯೇ ಹಿಡಿದೆ.

"ಕಾಕೂ, ಎತ್ತು ಬಂದಾವ. ಇಳಸಾಕ ಬೇರೆ ಜಾಗಾ ನೀವ ನೋಡ್ರಿ."

"ನೋಡಿದ್ನಿರಿ. ನೀರು ಕುಡೀಲಿ, ಕುಡಿಯೂ ಮುಂದ ಅವು ಕದಲಂಗಿಲ್ಲ. ಹಿಂದಿನಿಂದ ಸಪ್ಪಳ ಬಂದ್ರ ಬೆದರತಾವ. ಕಣ್ಣಿಗೆ ಕಂಡ್ರ ನಿಂತ ನೋಡತಾವ."

ಅವರ ದನಿಯಲ್ಲಿ ಅವಸರ ಇರಲಿಲ್ಲ. ಮೊದಲು ಡ್ರೋನನ್ನು ನೇರ ಮೇಲಕ್ಕೆ ಎತ್ತಿದರು, ಸಪ್ಪಳ ಕಡಿಮೆಯಾಯಿತು. ಆಮೇಲೆ ಎತ್ತುಗಳ ಬೆನ್ನಿನ ಕಡೆಯನ್ನು ಬಿಟ್ಟು, ದೂರದಿಂದ ಬಳಸಿಕೊಂಡು ಅವುಗಳ ಮುಖದ ಕಡೆಗೆ ತಂದರು. ಬಿಳಿ ಎತ್ತು ಬಕೆಟ್‌ನಿಂದ ತಲೆ ಎತ್ತಿತು. ಬಾಯಿಂದ ನೀರು ಸುರಿಯುತ್ತಿತ್ತು. ಕಿವಿ ಮುಂದೆ ಮಾಡಿ ನೋಡುತ್ತ ನಿಂತಿತು, ಕಾಲು ಕದಲಿಸಲಿಲ್ಲ. ಹಾಗೆ ಬಳಸಿ ಬಂದ ಯಂತ್ರದ ಮೂತಿ ಈಗ ನೇರ ನಮ್ಮ ಕಡೆ ಇತ್ತು. ಎಡಬಲ ತಿರುವುಮುರುವು. ನಾನು ಅವರ ರಿಮೋಟಿನ ಕಡ್ಡಿಗಳ ಮೇಲೇ ಕಣ್ಣಿಟ್ಟೆ. ಕಾಕೂ ಒಂದು ಸಲವೂ ತಪ್ಪು ಕಡೆಗೆ ತಳ್ಳಲಿಲ್ಲ. ವೃತ್ತದಿಂದ ದೂರದ ಸಪಾಟು ಕಲ್ಲುನೆಲದ ಮೇಲೆ ಮೆಲ್ಲಗೆ ಇಳಿಸಿದರು. ರೆಕ್ಕೆಗಳು ನಿಂತವು. ರಿಮೋಟಿನ ಪರದೆಯಲ್ಲಿ ಹಾರಾಟದ ಸಮಯ ಹನ್ನೊಂದು ನಿಮಿಷ ತೋರಿಸುತ್ತಿತ್ತು. ಬೆರಳು ತೆಗೆದಾಗ ಅದರ ತುದಿಯಲ್ಲಿ ಗುಂಡಿಯ ಗುರುತು ಬಿಳಿಯಾಗಿ ಮೂಡಿತ್ತು.

ಎತ್ತುಗಳು ಎರಡನೇ ಬಕೆಟ್ ಖಾಲಿ ಮಾಡಿ ಹೋದ ಮೇಲೆ ಪರೀಕ್ಷಕರು ಕೇಳಿದರು.

"ನೀವ್ಯಾಕೆ ತೆಗೆದುಕೊಳ್ಳಲಿಲ್ಲ?"

"ತಗೊಳ್ಳಾಕ ನನ್ನ ಬೆರಳು ತಯಾರಿತ್ರಿ. ಆದ್ರ ನನಗ ಡ್ರೋನ್ ಅಷ್ಟ ಗೊತ್ತು. ಅವರಿಗೆ ಎರಡೂ ಗೊತ್ತು."

"ತಪ್ಪಿದ್ದರೆ?"

"ಒಂದ ಸಲ ತಪ್ಪು ಕಡೆ ತಳ್ಳಿದ್ರೂ ಬೆರಳು ಎತ್ತತಿದ್ನಿರಿ."

ಅವರು ಮೊದಲಿಗೆ ಬರೆದದ್ದು ನಮ್ಮ ತಪ್ಪನ್ನು. ಜಾಗದ ಕಾವಲಿಗೆ ಯಾರನ್ನೂ ನಿಲ್ಲಿಸಿರಲಿಲ್ಲ, ನೀರು ಇಡುವ ಜಾಗ ಸರಿಯಿರಲಿಲ್ಲ. ಎರಡೂ ನಿಜ, ಹಿರಿಯರೂ ನಾನೂ ತಲೆ ತಗ್ಗಿಸಿ ಒಪ್ಪಿಕೊಂಡೆವು. ಆಮೇಲೆ ಪುಟ ತಿರುವಿ ಕೆಳಗೆ ಸಹಿ ಹಾಕಿ, ನಮೂನೆಯನ್ನು ನನ್ನ ಕಡೆ ತಳ್ಳಿದರು. ಪಾಸಾಗಿದ್ದೆ. ಮೂಡಲಗಿಯ ತಂಡ ನನ್ನದು. ಹಿರಿಯರು ಜೀವನದಲ್ಲಿ ಮೊದಲ ಬಾರಿಗೆ ಎನ್ನುವಂತೆ ಬಾಯಿ ತುಂಬ ನಕ್ಕು, ಗಂಡನಿಗೆ ಫೋನ್ ಮಾಡಲು ತಮ್ಮ ಮೊಬೈಲನ್ನೇ ನನ್ನ ಕೈಗಿಟ್ಟರು.

ವಿದ್ಯಾರ್ಥಿಯ ಹಾರಾಟದ ಪುಸ್ತಕ ತುಂಬುವುದು ಬಾಕಿಯಿತ್ತು. ತರಬೇತುದಾರರು ಎಂಬ ಜಾಗದಲ್ಲಿ ನಾನು ಮೊದಲ ಸಲ ನನ್ನ ಹೆಸರು ಬರೆದೆ. ಅದರ ಕೆಳಗೆ, ತರಬೇತುದಾರರು ಎಷ್ಟು ಸಲ ಯಂತ್ರ ತೆಗೆದುಕೊಂಡರು ಎಂದು ಬರೆಯುವ ಸಾಲು. ಅಲ್ಲಿ 'ಒಮ್ಮೆಯೂ ಇಲ್ಲ' ಎಂದು ಬರೆದು ಪುಸ್ತಕವನ್ನು ಕಾಕೂನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಆ ಸಾಲನ್ನು ಎರಡು ಸಲ ಓದಿದರು.

"ಅಕ್ಕಾರ, ಅಂದ್ರ ಅಷ್ಟೂ ನಾನ ಹಾರಿಸಿದ್ನೇನ್ರಿ?"

"ಹೌದ್ರಿ ಕಾಕೂ. ಅಷ್ಟೂ ನೀವ."

ಕಾಕೂ ಪುಸ್ತಕವನ್ನು ಎದೆಗೆ ಹಿಡಿದು ಅಲ್ಲೇ ಕಲ್ಲುನೆಲದ ಮೇಲೆ, ಡ್ರೋನಿನ ಪಕ್ಕದಲ್ಲಿ ಕೂತುಬಿಟ್ಟರು.